ನಮ್ಮನ್ನು ಬೀದಿಗೆ ಇಳಿಸಿದ ‘ಕಾಣದ ಕೈ’ ಯಾವುದೂ ಇರಲಿಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ಮಗಳು ಒಂದು ಮಾತು ಕೇಳಿದಳು. ‘ಅಮ್ಮಾ, ಪಿಎಫ್ ಗಲಾಟೆಗೆ ನಿಮ್ಮನ್ನೆಲ್ಲ ದುಡ್ಡು ಕೊಟ್ಟು ಕರ್ಕೊಂಡು ಹೋಗಿದ್ರಂತೆ, ಹೌದಾ?’ ಸಾರು ಬಡಿಸುತ್ತಿದ್ದ ನನ್ನ ಕೈ ಹಾಗೇ ನಿಂತಿತು. ಅವಳು ಚುಚ್ಚಬೇಕು ಅಂತ ಕೇಳಿದ್ದಲ್ಲ. ಅವಳ ಆಫೀಸಿನ ವಾಟ್ಸ್ಆ್ಯಪ್ ಗ್ರೂಪಿಗೆ ಯಾರೋ ಉದ್ದದ ಮೆಸೇಜ್ ಕಳಿಸಿದ್ದರಂತೆ. 2016ರಲ್ಲಿ ಪಿಎಫ್ (ಭವಿಷ್ಯ ನಿಧಿ) ನಿಯಮ ಬದಲಾಯಿಸಿದ್ದಕ್ಕೆ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಬೀದಿಗೆ ಬಂದು ಈ ಏಪ್ರಿಲ್‌ಗೆ ಹತ್ತು ವರ್ಷ, ಅದರ ಹಿಂದೆ ಇದ್ದದ್ದು ಆಗಿನ ರಾಜ್ಯ ಸರ್ಕಾರವೇ, ಕೇಂದ್ರದ ಮುಖಕ್ಕೆ ಮಸಿ ಬಳಿಯಲು ಮಾಡಿಸಿದ ಕೆಲಸ ಅದು ಅಂತ ಅದರಲ್ಲಿ ಇತ್ತಂತೆ.

ಸಂಜೆ ನಮ್ಮ ಭಾವ ಮನೆಗೆ ಬಂದರು. ಅವರ ಹತ್ತಿರ ಇನ್ನೊಂದು ಕಥೆ. ‘ಅದು ಹಾಗಲ್ಲಮ್ಮ, ಕೇಂದ್ರದವರೇ ಜನ ಬಿಟ್ಟು ಮಾಡಿಸಿದ್ದು. ಇಲ್ಲಿನ ಪೊಲೀಸರಿಗೆ ಕೈಲಾಗಲ್ಲ ಅಂತ ತೋರಿಸಬೇಕಿತ್ತು’ ಎಂದರು. ನಾನು ಅವರಿಗೆ ಕಾಫಿ ಕೊಟ್ಟು ಸುಮ್ಮನೆ ಕೂತೆ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಅದಕ್ಕೇ ಈ ಪತ್ರ. ನಾನು ಹೇಳುತ್ತಾ ಹೋದೆ, ಮಗಳು ಟೈಪ್ ಮಾಡಿಕೊಂಡಳು.

ನಾನು ಹದಿನಾರು ವರ್ಷ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದೆ. ಕನಕಪುರ ಕಡೆಯ ಹಳ್ಳಿಯಿಂದ ಮದುವೆಯಾಗಿ ಬೆಂಗಳೂರಿಗೆ ಬಂದವಳು. ಮೊದಲು ಹೆಲ್ಪರ್, ಆಮೇಲೆ ಕಫ್ ಕೂರಿಸುವ ಕೆಲಸ, ಆಮೇಲೆ ಕಾಲರ್. 2016ರಲ್ಲಿ ಬೊಮ್ಮನಹಳ್ಳಿ ಕಡೆಯ ಒಂದು ಫ್ಯಾಕ್ಟರಿಯಲ್ಲಿದ್ದೆ. ಏಪ್ರಿಲ್ 18, ಸೋಮವಾರ, ಹೊಸೂರು ರಸ್ತೆಯಲ್ಲಿ ಕೂತವರಲ್ಲಿ ನಾನೂ ಒಬ್ಬಳು. ನನ್ನನ್ನು ಯಾರೂ ಕರೆಯಲಿಲ್ಲ. ಯಾರೂ ಒಂದು ರೂಪಾಯಿ ಕೊಡಲಿಲ್ಲ. ನಿಜ ಹೇಳಬೇಕು ಅಂದರೆ ಆ ಎರಡು ದಿನದ ಸಂಬಳವೂ ಹೋಯಿತು.

ಆ ದಿನ ಏನಾಯಿತು ಅಂತ ಹೇಳುವ ಮೊದಲು ಪಿಎಫ್ ವಿಷಯ ಹೇಳಬೇಕು. ಅದು ಗೊತ್ತಿಲ್ಲದವರಿಗೇ ಈ ಕಥೆಗಳು ನಿಜ ಅನ್ನಿಸುವುದು.

ಆಗ ನಮ್ಮ ಸಂಬಳ ಏಳು ಸಾವಿರದ ಆಸುಪಾಸು. ಅದರಲ್ಲಿ ನೂರಕ್ಕೆ 12 ನಮ್ಮ ಪಿಎಫ್‌ಗೆ ಹೋಗುತ್ತದೆ. ಏಳು ಸಾವಿರಕ್ಕೆ 840 ರೂಪಾಯಿ. ಮಾಲೀಕರೂ 840 ಹಾಕಬೇಕು. ಅವರು ಹಾಕಿದ್ದರಲ್ಲಿ 583 ರೂಪಾಯಿ ಪಿಂಚಣಿ ಲೆಕ್ಕಕ್ಕೆ ಹೋಗಿ, ಉಳಿದ 257 ನಮ್ಮ ಪಿಎಫ್‌ಗೆ ಸೇರುತ್ತದೆ. ಗಾರ್ಮೆಂಟ್ಸ್‌ನವರಿಗೆ ಬ್ಯಾಂಕಿನಲ್ಲಿ ಉಳಿತಾಯ ಅಂತ ಇರುವುದಿಲ್ಲ. ಚೀಟಿ ಹಾಕಿದರೆ ಹಾಕಿದೆವು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಪಿಎಫ್ ಒಂದೇ ನಮ್ಮ ಗಂಟು. ಐದು ವರ್ಷ ತುಂಬಿಸಿ, ಗ್ರಾಚ್ಯುಟಿ (ಕೆಲಸ ಬಿಡುವಾಗ ಮಾಲೀಕರು ಕೊಡುವ ದುಡ್ಡು) ಸೇರಿಸಿ, ಕೆಲಸ ಬಿಟ್ಟು, ಎರಡು ತಿಂಗಳು ಕಾದು ದುಡ್ಡು ತೆಗೆದುಕೊಳ್ಳುವುದು. ಅದರಲ್ಲಿ ಮೀಟರ್ ಬಡ್ಡಿ ಸಾಲ ತೀರಿಸುವುದು, ಒಡವೆ ಬಿಡಿಸಿಕೊಳ್ಳುವುದು, ಮಕ್ಕಳ ಫೀಸು ಕಟ್ಟುವುದು. ಆಮೇಲೆ ಪಕ್ಕದ ಫ್ಯಾಕ್ಟರಿಗೆ ಸೇರುವುದು. ಇದು ಸರಿಯೋ ತಪ್ಪೋ, ಸಾವಿರಾರು ಮನೆ ನಡೆಯುತ್ತಿದ್ದದ್ದೇ ಹೀಗೆ. ನಾನೂ ಆ ವರ್ಷ ಮೇ ತಿಂಗಳಲ್ಲಿ ಬಿಡುವುದು ಅಂತ ಲೆಕ್ಕ ಹಾಕಿದ್ದೆ. ಮಗಳು ಹೈಸ್ಕೂಲಿಗೆ, ಮಗ ಐದನೇ ಕ್ಲಾಸಿಗೆ. ಜೂನ್‌ನಲ್ಲಿ ಫೀಸು.

2016ರ ಫೆಬ್ರುವರಿ 10ರಂದು ಕೇಂದ್ರ ಸರ್ಕಾರ ಹೊಸ ನಿಯಮದ ಅಧಿಸೂಚನೆ ಹೊರಡಿಸಿತ್ತು. ಕೆಲಸ ಬಿಟ್ಟರೂ ಮಾಲೀಕರ ಪಾಲಿನ ದುಡ್ಡು 58 ವರ್ಷ ತುಂಬುವವರೆಗೆ ತೆಗೆಯುವ ಹಾಗಿಲ್ಲ ಅಂತ. ನಮ್ಮ ಪಾಲು, ಅದರ ಬಡ್ಡಿ ಮಾತ್ರ ತೆಗೆಯಬಹುದು. ಎರಡು ತಿಂಗಳು ನಮ್ಮ ಫ್ಲೋರಿನಲ್ಲಿ ಯಾರಿಗೂ ಇದು ಗೊತ್ತೇ ಇರಲಿಲ್ಲ. ಎಚ್‌ಆರ್‌ನವರು ಹೇಳಲಿಲ್ಲ. ಪಿಎಫ್ ಆಫೀಸಿನವರು ಒಂದು ನೋಟಿಸ್ ಅಂಟಿಸಲಿಲ್ಲ.

ಆ ಸೋಮವಾರ ಬೆಳಿಗ್ಗೆ ಚೆಕ್ಕಿಂಗ್ ಟೇಬಲ್‌ನ ಒಬ್ಬಳು ಕನ್ನಡ ಪೇಪರ್ ಒಂದನ್ನು ಸೀರೆಯೊಳಗೆ ಮಡಚಿಟ್ಟುಕೊಂಡು ಬಂದಿದ್ದಳು. ಫ್ಲೋರಿಗೆ ಪೇಪರ್ ತರುವ ಹಾಗಿಲ್ಲ. ಅದು ಬಂಡಲ್ ಪೀಸುಗಳ ನಡುವೆ ಕೈಯಿಂದ ಕೈಗೆ ದಾಟುತ್ತಾ ನನ್ನ ಮಿಷನ್ ಹತ್ತಿರ ಬರುವಷ್ಟರಲ್ಲಿ ಹತ್ತು ಗಂಟೆ ದಾಟಿತ್ತು. ಮಡಿಕೆಯಲ್ಲಿ ಹರಿದು ಎರಡಾಗಿತ್ತು. ಮಿಷನ್ ಎಣ್ಣೆಯ ಬೆರಳು ಗುರುತು ಬೇರೆ. ನನಗೆ ಸಿಕ್ಕಿದ್ದು ಮೇಲಿನ ಅರ್ಧ ಮಾತ್ರ. ‘58 ವರ್ಷ’ ಅನ್ನುವುದು ಅದರಲ್ಲಿತ್ತು. ನನಗೆ ಆಗ 37. ಇನ್ನು 21 ವರ್ಷ! ಸೂಜಿ ಕೆಳಗೆ ಕಾಲರ್ ಇಟ್ಟಿದ್ದೆ, ಪೆಡಲ್ ತುಳಿಯಲು ಕಾಲೇ ಬರಲಿಲ್ಲ. ಪಕ್ಕದ ಮಿಷನ್‌ನ ಸಾವಿತ್ರಕ್ಕ ‘ಏನಂತೆ’ ಅಂದರು. ‘ನಮ್ಮ ಪಿಎಫ್ ಕೊಡಲ್ಲವಂತೆ ಅಕ್ಕ’ ಅಂದೆ.

ಇಲ್ಲಿ ನನ್ನದೂ ಒಂದು ತಪ್ಪಿದೆ. ಅರ್ಧ ಓದಿ ಪೂರ್ತಿ ಹೇಳಿಬಿಟ್ಟೆ. ‘ಮಾಲೀಕರ ಪಾಲು ಕೊಡಲ್ಲ’ ಅನ್ನುವುದು ನನ್ನ ಬಾಯಲ್ಲಿ ‘ಪಿಎಫ್ ಕೊಡಲ್ಲ’ ಆಯಿತು. ಮೂರನೇ ಲೈನ್ ಮುಟ್ಟುವಷ್ಟರಲ್ಲಿ ‘ಸರ್ಕಾರ ನಮ್ಮ ದುಡ್ಡು ನುಂಗಿತು’ ಆಗಿತ್ತು. ಸುಳ್ಳು ಹೇಗೆ ಬೆಳೆಯುತ್ತದೆ ಅಂತ ನನಗೆ ಗೊತ್ತು. ನನ್ನ ಕಣ್ಣೆದುರೇ ಬೆಳೆದಿದೆ, ನಾನೇ ನೀರು ಹಾಕಿದ್ದೇನೆ. ಆದರೆ ಆ ಸುಳ್ಳಿನೊಳಗೆ ನಿಜವಾದ ಒಂದು ನಿಯಮ ಇತ್ತು. ನಿಜವಾದ ದುಡ್ಡು ಇತ್ತು. ತಿಂಗಳಿಗೆ 257 ಅಂದರೆ ದೊಡ್ಡವರಿಗೆ ಏನೂ ಅಲ್ಲ. ಐದು ವರ್ಷಕ್ಕೆ ಅದು ಹತ್ತು-ಹದಿನೈದು ಸಾವಿರ. ನನ್ನ ಮನೆಯಲ್ಲಿ ಅದು ಎರಡು ಮಕ್ಕಳ ಫೀಸು, ಪುಸ್ತಕ, ಶೂಸು.

ಈಗ ಎಲ್ಲರೂ ಕೇಳುವ ಪ್ರಶ್ನೆ. ಸಾವಿರಾರು ಜನ ಒಂದೇ ದಿನ ತಾವಾಗಿಯೇ ಬೀದಿಗೆ ಬರಲು ಹೇಗೆ ಸಾಧ್ಯ, ಹಿಂದೆ ಯಾರೋ ಇರಲೇಬೇಕಲ್ವಾ? ಭಾವನೂ ಇದನ್ನೇ ಕೇಳಿದರು. ಹೊಸೂರು ರಸ್ತೆಯ ಗಾರ್ಮೆಂಟ್ಸ್ ಒಳಗೆ ಒಂದು ದಿನ ಕಳೆದವರು ಈ ಪ್ರಶ್ನೆ ಕೇಳುವುದಿಲ್ಲ. ಒಂದು ಫ್ಯಾಕ್ಟರಿಯಲ್ಲೇ ಎರಡು ಸಾವಿರ, ಮೂರು ಸಾವಿರ ಜನ. ಎಲ್ಲರಿಗೂ ಒಂದೇ ಟೈಮಿಗೆ ಊಟದ ಬೆಲ್. ಒಂದೇ ಗೇಟು. ಗೇಟಿನ ಹೊರಗೆ ಹೆದ್ದಾರಿ. ಪಕ್ಕದ ಗೇಟು ಇನ್ನೊಂದು ಫ್ಯಾಕ್ಟರಿಯದು. ಅಲ್ಲಿ ನನ್ನ ನಾದಿನಿ ಇದ್ದಾಳೆ, ಅದರಾಚೆ ನಮ್ಮ ವಠಾರದ ನಾಲ್ಕು ಜನ ಇದ್ದಾರೆ. ಬೆಂಗಳೂರಿನಲ್ಲಿ ಗಾರ್ಮೆಂಟ್ಸ್‌ಗೆ ಹೋಗುವವರು ನಾಲ್ಕೈದು ಲಕ್ಷ ಜನ. ಅದರಲ್ಲಿ ಜಾಸ್ತಿ ಹೆಂಗಸರು. ಎಲ್ಲರ ಹೊಟ್ಟೆಗೂ ಒಂದೇ ನಿಯಮ ಹೊಡೆದಿತ್ತು. ಇನ್ನೊಬ್ಬರು ಬಂದು ಎಬ್ಬಿಸಬೇಕಾಗಿರಲಿಲ್ಲ.

ನಾವು ರಸ್ತೆಯಲ್ಲಿ ಕೂತಾಗ ಒಬ್ಬ ಪೊಲೀಸ್ ಅಧಿಕಾರಿ ಬಂದರು. ಒಳ್ಳೆಯ ಮನುಷ್ಯ, ಬೈಯಲಿಲ್ಲ. ‘ನಿಮ್ಮ ಲೀಡರ್ ಯಾರಮ್ಮ? ಮಾತಾಡೋಣ’ ಅಂದರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ‘ಲೀಡರ್ ಯಾರೂ ಇಲ್ಲ ಸಾರ್’ ಅಂದರು ಸಾವಿತ್ರಕ್ಕ. ಅವರು ನಂಬಲಿಲ್ಲ. ಮುಂದೆ ಹೋಗಿ ಇನ್ನೊಂದು ಗುಂಪನ್ನು ಕೇಳಿದರು. ಅಲ್ಲೂ ಅದೇ ಉತ್ತರ. ಯೂನಿಯನ್‌ನವರು ಬಂದದ್ದು ಆಮೇಲೆ, ಸುದ್ದಿ ಕೇಳಿ. ನಮ್ಮಲ್ಲಿ ಯೂನಿಯನ್ ಸೇರಿದವರು ಬೆರಳೆಣಿಕೆಯಷ್ಟು ಜನ. ಸೇರಿದರೆ ಕೆಲಸ ಹೋಗುತ್ತೆ ಅನ್ನುವ ಭಯ. ಬಾವುಟ ಇರಲಿಲ್ಲ. ಮೈಕ್ ಇರಲಿಲ್ಲ. ಬಿಸಿಲಿಗೆ ಸೆರಗು ತಲೆ ಮೇಲೆ ಹಾಕಿಕೊಂಡು, ಟಿಫಿನ್ ಬಾಕ್ಸ್ ಬಿಚ್ಚಿ ಅಲ್ಲೇ ಚಿತ್ರಾನ್ನ ತಿಂದೆವು. ಕುಡಿಯಲು ನೀರು ಕೊಟ್ಟದ್ದು ಎದುರಿನ ಬೇಕರಿಯವರು. ಸರ್ಕಾರವೋ ಪಕ್ಷವೋ ನಡೆಸಿದ ಕಾರ್ಯಕ್ರಮದಲ್ಲಿ ನೀರಿನ ಪ್ಯಾಕೆಟ್ ಆದರೂ ಇರುತ್ತದೆ.

ಮರುದಿನ ಮಂಗಳವಾರ ಏನಾಯಿತು ಅಂತ ಎಲ್ಲರಿಗೂ ಗೊತ್ತು. ತುಮಕೂರು ರಸ್ತೆ, ಮೈಸೂರು ರಸ್ತೆಗೂ ಹಬ್ಬಿತು. ಜಾಲಹಳ್ಳಿ ಕ್ರಾಸ್ ಕಡೆ ಬಿಎಂಟಿಸಿ ಬಸ್ಸುಗಳು ಸುಟ್ಟವು. ಹೆಬ್ಬಗೋಡಿ ಠಾಣೆ ಮೇಲೆ ಕಲ್ಲು ಬಿತ್ತು, ಅಲ್ಲಿದ್ದ ವಾಹನಗಳಿಗೆ ಬೆಂಕಿ ಬಿತ್ತು. ಲಾಠಿ, ಅಶ್ರುವಾಯು ಎಲ್ಲ ಆಯಿತು. ಬಸ್ಸಿಗೆ ಬೆಂಕಿ ಹಚ್ಚಿದ್ದನ್ನು ನಾನು ಒಪ್ಪುವುದಿಲ್ಲ. ಆ ಬಸ್ಸಿನಲ್ಲೇ ನಾವು ದಿನಾ ಕೆಲಸಕ್ಕೆ ಹೋಗುತ್ತಿದ್ದದ್ದು. ಅದನ್ನು ಸುಟ್ಟವರ ಮೇಲೆ ಕೇಸು ಹಾಕಲಿ, ಸಾಕ್ಷಿ ತರಲಿ, ಶಿಕ್ಷೆ ಕೊಡಿಸಲಿ. ಆದರೆ ಬೆಂಕಿ ಹಚ್ಚಿದವರು ಹತ್ತಿಪ್ಪತ್ತು ಜನ ಅಂತ ರಸ್ತೆಯಲ್ಲಿ ಕೂತಿದ್ದ ಸಾವಿರಾರು ಹೆಂಗಸರನ್ನೂ ಯಾರೋ ಕಳಿಸಿದ ಬಾಡಿಗೆಯವರು ಅನ್ನುವುದು ಯಾವ ನ್ಯಾಯ?

ಸರ್ಕಾರಗಳದ್ದು ತಪ್ಪೇ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಇತ್ತು, ದೊಡ್ಡ ತಪ್ಪೇ ಇತ್ತು. ಆದರೆ ಅದರಲ್ಲಿ ಗುಟ್ಟು ಏನೂ ಇರಲಿಲ್ಲ. ಕೇಂದ್ರ ಸರ್ಕಾರ ಬಡವರ ದುಡ್ಡಿನ ನಿಯಮವನ್ನು ಬಡವರನ್ನು ಕೇಳದೆ ಬದಲಾಯಿಸಿತು. ಅದು ಗೆಜೆಟ್‌ನಲ್ಲಿ ಅಚ್ಚಾಗಿದೆ, ಯಾರು ಬೇಕಾದರೂ ನೋಡಬಹುದು. ರಾಜ್ಯ ಸರ್ಕಾರದ ಪೊಲೀಸರು ಹೆಂಗಸರ ಮೇಲೆ ಲಾಠಿ ಎತ್ತಿದರು. ಅದನ್ನು ಟಿವಿಯಲ್ಲಿ ಇಡೀ ರಾಜ್ಯ ನೋಡಿದೆ. ಸಾವಿತ್ರಕ್ಕನ ಎಡ ಮೊಣಕೈ ಕೆಳಗೆ ಬಿದ್ದ ಏಟಿಗೆ ಹದಿನೈದು ದಿನ ಮಿಷನ್ ಮೇಲೆ ಬಟ್ಟೆ ಹಿಡಿಯಲು ಆಗಲಿಲ್ಲ. ಫ್ಯಾಕ್ಟರಿಯವರು ಅಷ್ಟು ದಿನವೂ ರಜೆ ಹಾಕಿ ಸಂಬಳ ಕಟ್ ಮಾಡಿದರು. ಇದು ಎಲ್ಲರ ಕಣ್ಣೆದುರು ನಡೆದದ್ದು. ಇದಕ್ಕೆ ಉತ್ತರ ಕೇಳಬೇಕಿತ್ತು. ಆದರೆ ‘ಎಲ್ಲ ಅವರೇ ಮಾಡಿಸಿದ್ದು’ ಅನ್ನುವ ಕಥೆ ಹಬ್ಬಿದ ಮೇಲೆ ಆ ಪಕ್ಷದವರು ಈ ಪಕ್ಷದವರನ್ನು ಬೈದರು, ಈ ಪಕ್ಷದವರು ಆ ಪಕ್ಷದವರನ್ನು ಬೈದರು. ಸಾವಿತ್ರಕ್ಕನ ಕೈ ಬಗ್ಗೆ ಯಾರೂ ಕೇಳಲಿಲ್ಲ.

ಭಾವನ ಕಥೆ, ಮಗಳ ಗ್ರೂಪಿನ ಕಥೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಬ್ಬರು ರಾಜ್ಯ ಸರ್ಕಾರ ಅನ್ನುತ್ತಾರೆ, ಇನ್ನೊಬ್ಬರು ಕೇಂದ್ರ ಸರ್ಕಾರ ಅನ್ನುತ್ತಾರೆ. ಎರಡೂ ನಿಜ ಇರಲು ಸಾಧ್ಯವಿಲ್ಲ. ಆದರೆ ಇಬ್ಬರೂ ಒಂದು ವಿಷಯ ಒಪ್ಪುತ್ತಾರೆ. ಕಾಲರ್ ಹೊಲಿಯುವ ಹೆಂಗಸಿಗೆ ಸ್ವಂತ ಬುದ್ಧಿ ಇಲ್ಲ, ಅವಳ ಕೋಪವೂ ಅವಳದ್ದಲ್ಲ ಅಂತ. ನನಗೆ ನೋವಾದದ್ದು ಇದಕ್ಕೆ. ನನ್ನ ಸಂಬಳದ ಚೀಟಿ ಓದಲು ನನಗೆ ಬರುತ್ತದೆ. ಒಂದು ತಾಸಿಗೆ ಎಷ್ಟು ಪೀಸು ತೆಗೆಯಬೇಕು, ಎಷ್ಟು ಬಾಕಿ ಬಿತ್ತು, ಎಷ್ಟು ಬೈಗುಳ ಬರುತ್ತದೆ ಅಂತ ತಲೆಯಲ್ಲೇ ಲೆಕ್ಕ ಹಾಕುವವರು ನಾವು. 257 ರೂಪಾಯಿಯ ಲೆಕ್ಕ ನಮಗೆ ಇನ್ನೊಬ್ಬರು ಹೇಳಿಕೊಡಬೇಕೇ?

ಇದು ನಮಗೆ ಒಬ್ಬರಿಗೇ ಆದದ್ದೂ ಅಲ್ಲ. 2020ರ ಡಿಸೆಂಬರ್ 12ರಂದು ಕೋಲಾರದ ನರಸಾಪುರದಲ್ಲಿ ಐಫೋನ್ ತಯಾರಿಸುತ್ತಿದ್ದ ವಿಸ್ಟ್ರಾನ್ ಫ್ಯಾಕ್ಟರಿಯಲ್ಲಿ ಹುಡುಗರು ಗಾಜು ಒಡೆದರು, ಗಾಡಿ ಮಗುಚಿದರು. ಆಮೇಲೆ ಶುರುವಾಯಿತು, ಪಿತೂರಿ, ಹೊರಗಿನವರ ಕೈವಾಡ, ಎಡಪಂಥೀಯ ವಿದ್ಯಾರ್ಥಿ ಸಂಘಟನೆಯ ಕೆಲಸ ಅಂತ. ಪೊಲೀಸರಿಗೆ ಕೊಟ್ಟ ದೂರಿನಲ್ಲಿ ನಷ್ಟ 437 ಕೋಟಿ ಅಂತ ಇತ್ತು. ಕೆಲವೇ ದಿನದಲ್ಲಿ ಕಂಪನಿಯೇ ಅದು 52 ಕೋಟಿಯೊಳಗೆ ಅಂದಿತು. ಕಾರ್ಖಾನೆ ಇಲಾಖೆಯವರು ಹೋಗಿ ನೋಡಿದರೆ ಐದು ಸಾವಿರ ಇದ್ದ ಕೆಲಸಗಾರರು ಸ್ವಲ್ಪ ಕಾಲದಲ್ಲೇ ಹತ್ತು ಸಾವಿರ ದಾಟಿದ್ದರು. ಸಂಬಳದ ಲೆಕ್ಕ ಇಡುವ ವ್ಯವಸ್ಥೆ ಮಾತ್ರ ಹಿಂದಿನದೇ. ಓವರ್‌ಟೈಮ್ ದುಡ್ಡು ಸರಿಯಾಗಿ ಕೊಟ್ಟಿರಲಿಲ್ಲ. ಕೊನೆಗೆ ಕಂಪನಿ ಸಂಬಳ ಸರಿಯಾಗಿ ಕೊಡದೆ ಇದ್ದದ್ದನ್ನು ಒಪ್ಪಿಕೊಂಡು ಕ್ಷಮೆ ಕೇಳಿತು. ಆ್ಯಪಲ್‌ನವರೂ ಸರಿ ಮಾಡುವವರೆಗೆ ಹೊಸ ಆರ್ಡರ್ ಇಲ್ಲ ಅಂದರು. ಗಾಜು ಒಡೆದದ್ದು ತಪ್ಪೇ. ಆದರೆ ಆ ಹುಡುಗರ ಬ್ಯಾಂಕ್ ಖಾತೆಗೆ ಎಷ್ಟು ಬಿದ್ದಿತ್ತು ಅಂತ ಮೊದಲ ದಿನವೇ ನೋಡಿದ್ದರೆ ಪಿತೂರಿ ಹುಡುಕುವ ಕೆಲಸ ತಪ್ಪುತ್ತಿತ್ತು.

ನಮ್ಮ ವಿಷಯಕ್ಕೆ ಬರುತ್ತೇನೆ. ಮೊದಲು ಕೇಂದ್ರದವರು ನಿಯಮ ಜುಲೈ ಕೊನೆಯವರೆಗೆ ಮುಂದಕ್ಕೆ ಹಾಕಿದ್ದೇವೆ ಅಂದರು. ಮಂಗಳವಾರ ಸಂಜೆ ಆಗಿನ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಅವರು ಅದನ್ನು ಪೂರ್ತಿ ವಾಪಸ್ ತೆಗೆದುಕೊಂಡಿದ್ದೇವೆ ಅಂತ ಹೇಳಿದರು. ನಮ್ಮ ವಠಾರದಲ್ಲಿ ಒಂದೇ ಮನೆಯಲ್ಲಿ ಟಿವಿ ಹಾಕಿದ್ದರು. ಬಾಗಿಲ ಹೊರಗೆ ನಿಂತು ನೋಡಿದೆವು. ಸಾವಿತ್ರಕ್ಕ ಅಳುತ್ತಿದ್ದರು, ಕೈ ನೋವಿಗೋ ಖುಷಿಗೋ ನಾನು ಕೇಳಲಿಲ್ಲ. ಎರಡು ತಿಂಗಳು ಯಾರಿಗೂ ಬೇಡವಾಗಿದ್ದ ವಿಷಯ ಎರಡು ದಿನದಲ್ಲಿ ದೆಹಲಿಗೆ ಮುಟ್ಟಿತ್ತು. ಮುಂದಿನ ತಿಂಗಳು ನಾನು ಅಂದುಕೊಂಡ ಹಾಗೇ ಕೆಲಸ ಬಿಟ್ಟೆ. ಕಾದು ಪೂರ್ತಿ ದುಡ್ಡು ತೆಗೆದುಕೊಂಡೆ. ಅಲ್ಲಿಯವರೆಗೆ ಕೈಸಾಲ ಮಾಡಿ ಫೀಸು ಕಟ್ಟಿದ್ದೆ, ಅದನ್ನು ತೀರಿಸಿದೆ. ಈಗ ಈ ಪತ್ರ ಟೈಪ್ ಮಾಡುತ್ತಿರುವ ಮಗಳ ಹೈಸ್ಕೂಲ್ ಫೀಸು ಅದು. ಆ ಮೆಸೇಜ್ ಓದಿ ನನ್ನನ್ನು ಪ್ರಶ್ನೆ ಕೇಳಿದವಳೂ ಇವಳೇ. ಇದನ್ನು ಹೇಳುವಾಗ ಟೈಪ್ ಮಾಡುವುದು ನಿಲ್ಲಿಸಿ ನನ್ನ ಕಡೆ ನೋಡಿದಳು.

ಹಳೆಯ ಕಥೆ ಈಗ ಯಾಕೆ ಅಂತ ನೀವು ಕೇಳಬಹುದು. 2025ರ ಅಕ್ಟೋಬರ್‌ನಲ್ಲಿ ಪಿಎಫ್ ಮಂಡಳಿಯ ಸಭೆಯಲ್ಲಿ ಮತ್ತೆ ಕೆಲವು ತೀರ್ಮಾನ ಆಗಿವೆ. ಕೆಲಸ ಹೋದರೆ ಮುಕ್ಕಾಲು ಪಾಲು ಕೂಡಲೇ ತೆಗೆಯಬಹುದಂತೆ. ಆದರೆ ಕಾಲು ಪಾಲು ಖಾತೆಯಲ್ಲೇ ಇರಬೇಕು. ಪೂರ್ತಿ ಲೆಕ್ಕ ಚುಕ್ತಾ ಮಾಡಿಕೊಳ್ಳಲು ಎರಡು ತಿಂಗಳ ಬದಲು ಹನ್ನೆರಡು ತಿಂಗಳು ಕಾಯಬೇಕು. ಪಿಂಚಣಿ ದುಡ್ಡಿಗೆ ಮೂವತ್ತಾರು ತಿಂಗಳು. ಇದರಲ್ಲಿ ಒಳ್ಳೆಯದೂ ಇರಬಹುದು, ವಯಸ್ಸಾದ ಮೇಲೆ ಕೈಯಲ್ಲಿ ಏನಾದರೂ ಉಳಿಯಬೇಕು ಅನ್ನುವುದು ನನಗೂ ಈಗ ಅರ್ಥವಾಗುತ್ತದೆ. ಆದರೆ ನಮ್ಮ ರಸ್ತೆಯಲ್ಲಿ ಈಗಲೂ ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿಯರಲ್ಲಿ ಆರು ಜನರನ್ನು ಕೇಳಿದೆ. ಇಬ್ಬರಿಗೆ ‘ಏನೋ ಬದಲಾಯಿತಂತೆ’ ಅಂತ ಗೊತ್ತು. ನಾಲ್ವರಿಗೆ ಅದೂ ಗೊತ್ತಿಲ್ಲ. ಒಡಿಶಾದಿಂದ ಬಂದು ಹಾಸ್ಟೆಲ್‌ನಲ್ಲಿರುವ ಹುಡುಗಿಯೊಬ್ಬಳು ‘ಪಿಎಫ್ ಅಂದರೆ ಕಟ್ ಆಗೋದು’ ಅಂದಳು. ಅಷ್ಟೇ ಅವಳಿಗೆ ಗೊತ್ತಿರುವುದು.

ನಾಳೆ ಇವರಲ್ಲಿ ಒಬ್ಬಳು ಅರ್ಧ ಹರಿದ ಹಾಳೆ ಓದುತ್ತಾಳೆ. ಅಥವಾ ಫೋನಿನಲ್ಲಿ ಅರ್ಧ ನಿಮಿಷದ ವಿಡಿಯೊ ನೋಡುತ್ತಾಳೆ. ಮತ್ತೆ ಗೇಟು ತೆರೆಯುತ್ತದೆ. ಆಗ ಮತ್ತೆ ಯಾರಾದರೂ ‘ಇದರ ಹಿಂದೆ ಯಾರಿದ್ದಾರೆ’ ಅಂತ ಕೇಳುವುದು ಬೇಡ.

ನಿಮ್ಮ ಪತ್ರಿಕೆಯಲ್ಲಿ ಒಂದು ಪುಟ ಕೊಡಿ ಅಂತ ಬೇಡಿಕೊಳ್ಳುತ್ತೇನೆ. ಹತ್ತು ಸಾವಿರ ಸಂಬಳದವಳಿಗೆ ತಿಂಗಳಿಗೆ ಎಷ್ಟು ಕಟ್ ಆಗುತ್ತದೆ, ಮಾಲೀಕರು ಎಷ್ಟು ಹಾಕಬೇಕು, ಕೆಲಸ ಬಿಟ್ಟ ದಿನ ಎಷ್ಟು ಸಿಗುತ್ತದೆ, ಉಳಿದದ್ದು ಯಾವಾಗ ಸಿಗುತ್ತದೆ ಅಂತ ಅಂಕಿ ಹಾಕಿ, ಸುಲಭ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಊಟದ ಅರ್ಧ ಗಂಟೆಯಲ್ಲಿ ಓದಿ ಮುಗಿಯುವಷ್ಟು ಇದ್ದರೆ ಸಾಕು. ಆಗುವುದಾದರೆ ಮಡಿಕೆ ಬೀಳುವ ಜಾಗದಲ್ಲಿ ಅಂಕಿ ಹಾಕಬೇಡಿ, ಅಲ್ಲೇ ಮೊದಲು ಹರಿಯುವುದು. ನಮ್ಮ ರಸ್ತೆಗೆ ಇಪ್ಪತ್ತು ಪ್ರತಿ ನಾನೇ ದುಡ್ಡು ಕೊಟ್ಟು ತೆಗೆದುಕೊಳ್ಳುತ್ತೇನೆ.

ಇಂತಿ,
ಹಿಂದೆ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದ ಒಬ್ಬ ತಾಯಿ
ಹೊಂಗಸಂದ್ರ, ಬೆಂಗಳೂರು